ಹಿಂದಿನ ಟ್ಯೂಬ್

ಆ ಅಂಗನವಾಡಿಯ ಅಡುಗೆಮನೆ ಕಿಟಕಿಗೆ ನಾನು ಮೊದಲ ಸಲ ಪಂಪ್ ಕಟ್ಟಿದ್ದು ಒಂದು ಮಂಗಳವಾರ ಬೆಳಗ್ಗೆ. ಮಕ್ಕಳು ಇನ್ನೂ ಒಬ್ಬೊಬ್ಬರಾಗಿ ಬರುತ್ತಿದ್ದರು. ದೊಡ್ಡಬಳ್ಳಾಪುರ ಬಸ್ ನಿಲ್ದಾಣದಿಂದ ಆಟೊದಲ್ಲಿ ಹತ್ತು ನಿಮಿಷದ ದಾರಿ. ಕಟ್ಟಡದ ಮುಂದೆ ನೇಕಾರರ ಕಾಲೊನಿ, ಮನೆಮನೆಯೊಳಗಿನಿಂದಲೂ ಮಗ್ಗದ ಸದ್ದು. ಹಿಂದೆ ಒಂದು ಖಾಲಿ ನಿವೇಶನ, ಅದರಾಚೆ ತಗಡಿನ ಶೆಡ್. ಕಾರ್ಖಾನೆಗಳು ಬಳಸಿ ಬಿಸಾಡಿದ ಕಬ್ಬಿಣದ ಡ್ರಮ್ಮುಗಳನ್ನು ಅಲ್ಲಿ ತೊಳೆದು, ಹಳೆಯ ಬಣ್ಣ ಕಿತ್ತು, ಹೊಸ ಬಣ್ಣ ಬಳಿದು ಮಾರುತ್ತಿದ್ದರು. ಶೆಡ್ಡಿನ ಕಡೆಯಿಂದ ವಾಸನೆ ಬರುತ್ತದೆ, ಮಕ್ಕಳು ಊಟಕ್ಕೆ ಮೊದಲೇ ತೂಕಡಿಸುತ್ತಾರೆ, ಕೆಲವರು ವಾಂತಿ ಮಾಡುತ್ತಾರೆ ಎಂದು ಅಂಗನವಾಡಿ ಕಾರ್ಯಕರ್ತೆ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದರು. ಪಂಚಾಯಿತಿಯವರು ಗಾಳಿ ಪರೀಕ್ಷೆ ಮಾಡಿಕೊಡಿ ಎಂದು ನಮ್ಮ ಲ್ಯಾಬಿಗೆ ಬರೆದಿದ್ದರು. ನೆಲಮಂಗಲದ ಹೊರವಲಯದಲ್ಲಿರುವ ಆ ಖಾಸಗಿ ಲ್ಯಾಬಿನಲ್ಲಿ ಗಾಳಿಯ ವಿಭಾಗ ನನ್ನದು.

ಗಾಳಿಯಲ್ಲಿ ಸೇರಿದ ದ್ರಾವಕದ ಆವಿಯನ್ನು ಲ್ಯಾಬಿಗೆ ಹೊತ್ತು ತರಲು ಬೆರಳುದ್ದದ ಉಕ್ಕಿನ ಟ್ಯೂಬ್ ಬಳಸುತ್ತೇವೆ. ಒಳಗೆ ಸಕ್ಕರೆಯಂಥ ಬಿಳಿ ಪುಡಿ ತುಂಬಿರುತ್ತದೆ. ಅಂಗೈಯಗಲದ ಪಂಪ್ ಟ್ಯೂಬಿನ ಮೂಲಕ ನಿಧಾನವಾಗಿ ಗಾಳಿ ಎಳೆಯುತ್ತದೆ. ಗಾಳಿ ಹಾದುಹೋಗುತ್ತದೆ, ಆವಿ ಪುಡಿಗೆ ಅಂಟಿಕೊಳ್ಳುತ್ತದೆ. ಲ್ಯಾಬಿನಲ್ಲಿ ಟ್ಯೂಬನ್ನು ಕಾಯಿಸಿದಾಗ ಅಂಟಿದ್ದೆಲ್ಲ ಬಿಟ್ಟುಕೊಂಡು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದೊಳಗೆ ಹೋಗುತ್ತದೆ. ಅಲ್ಲಿಂದ ಒಂದೊಂದು ವಸ್ತುವೂ ಅದರದರ ಹೊತ್ತಿಗೆ ಹೊರಬಂದು ಪರದೆಯ ಮೇಲೆ ಒಂದು ಏರಿಳಿತ ಬರೆಯುತ್ತದೆ. ಅದನ್ನು ನಾವು ಪೀಕ್ ಎನ್ನುತ್ತೇವೆ. ಯಾವ ನಿಮಿಷದಲ್ಲಿ ಬಂತು ಎಂಬುದರಿಂದ ವಸ್ತು ಯಾವುದೆಂದೂ, ಎಷ್ಟು ದೊಡ್ಡದು ಎಂಬುದರಿಂದ ಪ್ರಮಾಣವೆಷ್ಟೆಂದೂ ತಿಳಿಯುತ್ತದೆ.

ಈ ಕೆಲಸದಲ್ಲಿ ಶುಚಿಯೇ ಅರ್ಧ. ಹಿಂದಿನ ದಿನ ಟ್ಯೂಬುಗಳನ್ನು ನೈಟ್ರೋಜನ್ ಹರಿಸುತ್ತ ಮುನ್ನೂರು ಡಿಗ್ರಿಯಲ್ಲಿ ಕಾಯಿಸಿ ಖಾಲಿ ಮಾಡಿದ್ದೆ. ಹಿತ್ತಾಳೆಯ ಮುಚ್ಚಳ ಬಿಗಿದು, ಬೆಳ್ಳಿ ಕಾಗದದಲ್ಲಿ ಸುತ್ತಿ, ಇದ್ದಿಲ ಪೊಟ್ಟಣವಿಟ್ಟ ಡಬ್ಬಿಯಲ್ಲಿ ತುಂಬಿದ್ದೆ. ಮಾದರಿ ತೆಗೆಯುವ ದಿನ ಸೆಂಟು ಹಾಕುವುದಿಲ್ಲ, ಕೈಗೆ ಸ್ಯಾನಿಟೈಸರ್ ಸವರುವುದಿಲ್ಲ, ಮಾರ್ಕರ್ ಪೆನ್ ಹತ್ತಿರ ಇಟ್ಟುಕೊಳ್ಳುವುದಿಲ್ಲ. ಪೆಟ್ರೋಲಿನ ಭಯಕ್ಕೆ ಬೈಕ್ ಬಿಟ್ಟು ಬಸ್ಸಿನಲ್ಲಿ ಹೋಗುತ್ತೇನೆ. ಇಷ್ಟೆಲ್ಲ ಜಾಗ್ರತೆ ಮಾಡುವ ಮನುಷ್ಯ ನಾನು ಎಂಬ ಹೆಮ್ಮೆಯೂ ನನಗಿತ್ತು. ಮುಂದೆ ಆದದ್ದನ್ನು ಹೇಳುವಾಗ ಆ ಹೆಮ್ಮೆಯ ಮಾತನ್ನು ಬಿಟ್ಟುಬಿಟ್ಟರೆ ಸುಳ್ಳು ಹೇಳಿದಂತಾಗುತ್ತದೆ.

ನಿಮಿಷಕ್ಕೆ ಐವತ್ತು ಮಿಲಿಲೀಟರಿನಂತೆ ಪಂಪ್ ಹೊಂದಿಸಿದೆ. ಸೋಪಿನ ಗುಳ್ಳೆ ಗಾಜಿನ ನಳಿಗೆಯಲ್ಲಿ ಏರುವ ವೇಗ ನೋಡಿ ಮೂರು ಸಲ ಅಳೆದೆ. ಹತ್ತು ಗಂಟೆಯಿಂದ ಎರಡರವರೆಗೆ ನಾಲ್ಕು ಗಂಟೆ, ಒಟ್ಟು ಹನ್ನೆರಡು ಲೀಟರ್ ಗಾಳಿ. ಒಂದರ ಹಿಂದೆ ಒಂದು ಎರಡು ಟ್ಯೂಬ್ ಜೋಡಿಸಿದೆ. ಮುಂದಿನ ಟ್ಯೂಬ್ ಹಿಡಿಯಲಾರದೆ ಬಿಟ್ಟದ್ದನ್ನು ಹಿಂದಿನದು ಹಿಡಿಯಲಿ, ಬಿಟ್ಟಿದೆಯೋ ಇಲ್ಲವೋ ನಮಗೂ ಗೊತ್ತಾಗಲಿ ಎಂದು ಮಾಡುವ ಏರ್ಪಾಡು ಇದು.

ಕಾರ್ಯಕರ್ತೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು. ಕಾಲೊನಿಯಲ್ಲಿ ಎಲ್ಲರಿಗೂ ಅವರು ಟೀಚರ್.

“ಇದು ವಾಸ್ನೆ ಹಿಡ್ಕೊಳ್ಳುತ್ತಾ ಸಾರ್?”

“ವಾಸನೆ ಬರೋ ವಸ್ತುನ ಹಿಡ್ಕೊಳ್ಳುತ್ತೆ ಟೀಚರ್.”

“ನಮಗೆ ವಾಸ್ನೆ ಬರೋದು ಹನ್ನೊಂದೂವರೆ ಸುಮಾರಿಗೆ. ಒಂದರ್ಧ ಗಂಟೆ ಇರುತ್ತೆ, ಆಮೇಲೆ ಹೋಗ್ಬಿಡುತ್ತೆ. ನೀವು ಎರಡು ಗಂಟೆವರೆಗೂ ಎಳೀತಾನೇ ಇದ್ರೆ, ಒಳಗೆ ಬಂದಿದ್ದೂ ಆಚೆ ಹೋಗ್ಬಿಡಲ್ವಾ?”

ನಾನು ನಕ್ಕೆ. “ಅದನ್ನೆಲ್ಲ ಮಿಷನ್ ನೋಡ್ಕೊಳ್ಳುತ್ತೆ. ಮಿಷನ್ ಸುಳ್ಳು ಹೇಳಲ್ಲ ಟೀಚರ್.”

ಅವರೂ ನಕ್ಕು ಒಳಗೆ ಹೋದರು. ಅಡುಗೆಮನೆಯಲ್ಲಿ ಸಹಾಯಕಿ ಸಾಂಬಾರಿಗೆ ಸೊಪ್ಪು ಹೆಚ್ಚುತ್ತಿದ್ದಳು. ಐವತ್ತೈದು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಕಿಟಕಿಯ ಪಕ್ಕದಲ್ಲೇ ಒಲೆ. ನಾನು ಟ್ಯೂಬ್ ಕಟ್ಟಿದ ಜಾಗಕ್ಕೂ ಅವಳ ಮುಖಕ್ಕೂ ಒಂದು ಮಾರು ದೂರವಿರಲಿಲ್ಲ.

ಅಂದು ಹನ್ನೊಂದು ಮುಕ್ಕಾಲಿಗೆ ವಾಸನೆ ಬಂತು. ಸ್ವಲ್ಪ ಸಿಹಿಯಾದ, ಗಂಟಲಿಗೆ ಇಳಿಯುವ ವಾಸನೆ. ನನ್ನ ಮೂಗಿಗೂ ಬಂತು. ಥಿನ್ನರ್ ಇರಬೇಕು ಅಂದುಕೊಂಡೆ. ಬಣ್ಣದ ಕೆಲಸ ಅಂದ ಮೇಲೆ ಥಿನ್ನರ್, ಥಿನ್ನರ್ ಅಂದ ಮೇಲೆ ಟೊಲ್ಯೂಯಿನ್. ಟೊಲ್ಯೂಯಿನ್ ನಮ್ಮ ಬಿಳಿ ಪುಡಿಗೆ ಚೆನ್ನಾಗಿ ಅಂಟುತ್ತದೆ, ಹನ್ನೆರಡು ಲೀಟರ್ ಏನೂ ಹೆಚ್ಚಲ್ಲ. ಆದರೆ ಡ್ರಮ್ಮಿಗೆ ಬಣ್ಣ ಬಳಿಯುವ ಮೊದಲು ಹಳೆಯ ಬಣ್ಣ ಕೀಳಬೇಕಲ್ಲ, ಅದನ್ನು ಯಾವುದರಿಂದ ಕೀಳುತ್ತಾರೆ ಎಂದು ನಾನು ಯೋಚಿಸಲಿಲ್ಲ. ಬಣ್ಣ ಕೀಳುವ ದ್ರಾವಣದಲ್ಲಿ ಸಾಮಾನ್ಯವಾಗಿ ಇರುವುದು ಡೈಕ್ಲೋರೋಮೀಥೇನ್. ಅದು ತೀರಾ ಹಗುರ ಜಾತಿಯ ಆವಿ. ಆ ಬಿಳಿ ಪುಡಿಯಲ್ಲಿ ಅದು ಒಂದು ಲೀಟರ್ ಗಾಳಿ ಹಾಯುವಷ್ಟು ಹೊತ್ತೂ ನಿಲ್ಲುವುದಿಲ್ಲ. ಹಾಗೆಂದು ನಮ್ಮ ವಿಧಾನದ ಹಾಳೆಯಲ್ಲಿ ಕೋಷ್ಟಕವಿದೆ. ಆ ಕೋಷ್ಟಕವನ್ನು ಟೈಪ್ ಮಾಡಿದವನು ನಾನೇ. ಹಗುರ ಆವಿಗಳಿಗೆಂದೇ ಮೂರು ಬಗೆಯ ಪುಡಿ ತುಂಬಿದ ಬೇರೆ ಟ್ಯೂಬುಗಳಿದ್ದವು. ಇನ್ನೊಂದು ಕೆಲಸಕ್ಕೆ ಎತ್ತಿಟ್ಟಿದ್ದೆವು, ನಾನು ಕೇಳಲೂ ಇಲ್ಲ.

ಆ ವಾರ ಯಂತ್ರದ ಮುಂದೆ ಮಾದರಿಗಳ ಸಾಲೇ ನಿಂತಿತ್ತು. ಒಂದು ಟ್ಯೂಬ್ ಓಡಿಸಲು, ಎಂದರೆ ಕಾಯಿಸಿ ಯಂತ್ರದಲ್ಲಿ ಅಳೆಯಲು, ಮುಕ್ಕಾಲು ಗಂಟೆ ಬೇಕು. ಖಾಲಿ ಟ್ಯೂಬೊಂದನ್ನು ಓಡಿಸಿದೆ, ಆಮೇಲೆ ಜೋಡಿಯಲ್ಲಿ ಮುಂದಿದ್ದ ಟ್ಯೂಬ್ ಓಡಿಸಿದೆ. ಟೊಲ್ಯೂಯಿನ್ ಬಂತು, ಗಾಬರಿಪಡುವಷ್ಟಿರಲಿಲ್ಲ. ನಾಲ್ಕನೇ ನಿಮಿಷದಲ್ಲಿ ಡೈಕ್ಲೋರೋಮೀಥೇನಿನ ಒಂದು ಚಿಕ್ಕ ಪೀಕ್ ಇತ್ತು. ಅದರ ಪ್ರಮಾಣವನ್ನು ಹನ್ನೆರಡು ಲೀಟರಿನಿಂದ ಭಾಗಿಸಿದೆ. ಬಂದ ಅಂಕಿ ನಾವು ಇಟ್ಟುಕೊಂಡ ಮಿತಿಗಿಂತ ಎಷ್ಟೋ ಕೆಳಗಿತ್ತು. ಹಿಂದಿನ ಟ್ಯೂಬನ್ನು ನಾಳೆ ಓಡಿಸೋಣ ಎಂದು ಫ್ರಿಜ್ಜಿಗೆ ಹಾಕಿದೆ. ನಾಳೆ ಎಂದದ್ದು ಬರಲಿಲ್ಲ. ಪಂಚಾಯಿತಿಯವರು ವರದಿ ಕೇಳಿದರು, ಬರೆದುಬಿಟ್ಟೆ. ಷರಾ ಎಂಬ ಜಾಗದಲ್ಲಿ ‘ಗಾಳಿಯಲ್ಲಿ ಆತಂಕಕಾರಿ ಮಟ್ಟದ ದ್ರಾವಕ ಆವಿ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಲ್ಯಾಬ್ ಮುಖ್ಯಸ್ಥೆ ಮೇಲುಸಹಿ ಹಾಕಿದರು.

ಮಾದರಿ ತೆಗೆದು ಮೂರು ವಾರ ಕಳೆದ ಮೇಲೆ, ಒಂದು ಗುರುವಾರ ಮಧ್ಯಾಹ್ನ, ಟೀಚರ್ ಫೋನ್ ಮಾಡಿದರು. ವರದಿಯಲ್ಲಿದ್ದ ನಂಬರ್ ನೋಡಿ ಮಾಡಿದ್ದು. ಮೊದಲಿಗೆ ಯಾರೆಂದು ನನಗೆ ಹೊಳೆಯಲಿಲ್ಲ.

“ಸಾರ್, ಒಂದು ಸಹಾಯ ಆಗ್ಬೇಕಿತ್ತು. ನಂಗೆ ಮೇಲಿನಿಂದ ನೋಟಿಸ್ ಬಂದಿದೆ. ಸುಳ್ಳು ದೂರು ಕೊಟ್ಟು ಪೋಷಕರನ್ನ ಹೆದರಿಸಿದ್ದಕ್ಕೆ ಕಾರಣ ಕೇಳಿದ್ದಾರೆ. ಸೋಮವಾರದೊಳಗೆ ಉತ್ತರ ಬರೀಬೇಕು.”

ಅವರೇ ಮುಂದುವರಿಸಿದರು.

“ನಿಮ್ಮ ರಿಪೋರ್ಟಲ್ಲಿ ಅಂಕಿಗಳೇ ಇವೆ, ನಂಗೆ ಅರ್ಥ ಆಗ್ಲಿಲ್ಲ. ವಾಸ್ನೆ ಬರ್ತಿತ್ತು, ಆದ್ರೆ ಅದರಿಂದ ಏನೂ ಆಗಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ ಅಂತ ಬರೀಲಾ? ಹಂಗೆ ಬರೆದ್ರೆ ಸುಳ್ಳು ಹೇಳ್ದಂಗೆ ಆಗಲ್ಲ ಅಲ್ವಾ ಸಾರ್?”

ಅವರ ದನಿಯಲ್ಲಿ ಒಂದಿಷ್ಟೂ ಆಪಾದನೆ ಇರಲಿಲ್ಲ. ನನ್ನ ವರದಿಯನ್ನು ಪೂರ್ತಿ ನಂಬಿ, ತಮ್ಮದೇ ಮೂಗು ತಪ್ಪಿರಬೇಕು ಎಂದುಕೊಂಡು, ಆ ತಪ್ಪನ್ನು ಮರ್ಯಾದೆಯಿಂದ ಒಪ್ಪಿಕೊಳ್ಳುವ ಒಂದು ವಾಕ್ಯ ಹುಡುಕುತ್ತಿದ್ದರು. “ನಾಳೆ ಹೇಳ್ತೀನಿ ಟೀಚರ್, ಏನೂ ಬರೀಬೇಡಿ” ಎಂದು ಫೋನ್ ಇಟ್ಟೆ.

ಫ್ರಿಜ್ ತೆಗೆದೆ. ಡಬ್ಬಿಯೊಳಗೆ ಹಿಂದಿನ ಟ್ಯೂಬ್ ಹಾಗೆಯೇ ಇತ್ತು. ಮಾದರಿ ತೆಗೆದು ಇಪ್ಪತ್ತಮೂರು ದಿನವಾಗಿತ್ತು. ಹೀಗೆ ತಂಪಿನಲ್ಲಿಟ್ಟ ಟ್ಯೂಬಿಗೆ ಮೂವತ್ತು ದಿನ ಅವಧಿ. ಅದು ದಾಟಿದರೆ ಓಡಿಸುವಂತಿಲ್ಲ, ಒಲೆಗೆ ಹಾಕಿ ಖಾಲಿ ಮಾಡುವುದೇ ಕ್ರಮ. ಇನ್ನೊಂದು ವಾರ ನಾನು ಸುಮ್ಮನಿದ್ದರೆ ಸಾಕಿತ್ತು. ಅದರಲ್ಲಿ ಏನಿತ್ತೋ ಅದು ಮುನ್ನೂರು ಡಿಗ್ರಿಯಲ್ಲಿ ಹೊಗೆಕೊಳವೆ ಹಿಡಿದು ಹೋಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಕ್ರಮದ ಪ್ರಕಾರವೇ ಮಾಡಿದೆ ಎಂದು ತೋರಿಸಲು ದಾಖಲೆ ಇರುತ್ತಿತ್ತು.

ಟ್ಯೂಬನ್ನು ವಾಪಸ್ ಇಟ್ಟು ಮನೆಗೆ ಹೋದೆ.

ಶುಕ್ರವಾರ ಪೂರ್ತಿ ಬೇರೆ ಕೆಲಸ ಮಾಡಿದೆ. ನಾಳೆ ಹೇಳುತ್ತೇನೆ ಎಂದಿದ್ದೆ. ಅವರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಎತ್ತಲಿಲ್ಲ ಎಂದು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಮುಂದೆ ನಾನು ಏನೆಲ್ಲ ಸರಿಮಾಡಿದೆ ಎಂದು ಹೇಳಿಕೊಂಡರೂ ಆ ಒಂದು ದಿನ ಅದರಲ್ಲಿ ಸೇರುವುದಿಲ್ಲ. ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಸೋಮವಾರ ಆಕೆ ಬರೆಯಲಿರುವ ಉತ್ತರ ತಲೆಯೊಳಗೆ ಸುತ್ತುತ್ತಲೇ ಇತ್ತು. ನನ್ನ ಸೋಮಾರಿತನವನ್ನು ಆಕೆ ತನ್ನ ತಪ್ಪೆಂದು ಬರೆದು, ಕೆಳಗೆ ತನ್ನ ಹೆಸರಿನ ಸಹಿ ಹಾಕುತ್ತಾರೆ. ಬಸ್ ಬಂತು. ಹತ್ತಲಿಲ್ಲ, ವಾಪಸ್ ನಡೆದೆ. ಮುಖ್ಯಸ್ಥೆ ಇನ್ನೂ ತಮ್ಮ ಕೋಣೆಯಲ್ಲಿದ್ದರು.

“ಆ ಅಂಗನವಾಡಿ ಕೆಲಸದಲ್ಲಿ ಹಿಂದಿನ ಟ್ಯೂಬ್ ಓಡಿಸಿಲ್ಲ ಮೇಡಂ.”

ಅವರು ಕನ್ನಡಕ ತೆಗೆದರು. “ಓಡಿಸದೇ ಸಹಿ ಹಾಕಿದ್ರಾ?”

“ಹೌದು.”

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. “ಎರಡು ಟ್ಯೂಬ್ ತಗೊಂಡು ಹೋಗಿದ್ದು ರಿಜಿಸ್ಟರಲ್ಲಿ ಇತ್ತು. ಎರಡನೇದು ಎಲ್ಲಿ ಅಂತ ನಾನೂ ಕೇಳಲಿಲ್ಲ” ಎಂದರು. “ನಾಳೆ ಬೆಳಗ್ಗೆ ಬನ್ನಿ. ಬೇರೆಲ್ಲ ನಿಲ್ಲಿಸಿ ಅದನ್ನ ಓಡಿಸೋಣ.”

ಟ್ಯೂಬನ್ನು ಓಡಿಸುವುದು ಒಂದೇ ಸಲ. ಕಾಯಿಸಿದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ, ಎಡವಟ್ಟಾದರೆ ಮತ್ತೊಂದು ಅವಕಾಶವಿಲ್ಲ. ಶನಿವಾರ ಬೆಳಗ್ಗೆ ಮೊದಲು ಯಂತ್ರದ ಸೋರಿಕೆ ಪರೀಕ್ಷೆ ಮಾಡಿದೆ. ಫೇಲಾಯಿತು. ಟ್ಯೂಬ್ ಕೂರುವ ಕಡೆಯ ರಬ್ಬರ್ ಸೀಲು ಸವೆದಿತ್ತು. ಅದನ್ನು ಬದಲಿಸಿ ಮತ್ತೆ ನೋಡಿದರೆ ಸರಿಯಿತ್ತು. ಖಾಲಿ ಟ್ಯೂಬ್ ಓಡಿಸಿದೆ, ಗೆರೆ ಸಪಾಟಾಗಿತ್ತು. ಗೊತ್ತಿರುವ ಪ್ರಮಾಣದ ಡೈಕ್ಲೋರೋಮೀಥೇನ್ ಹಾಕಿದ ಟ್ಯೂಬ್ ಓಡಿಸಿದೆ, ಪೀಕ್ ಬರಬೇಕಾದ ನಿಮಿಷಕ್ಕೆ ಬಂತು. ಆ ಹೊತ್ತಿಗೆ ಕರೆಂಟ್ ಹೋಯಿತು. ಯಂತ್ರ ಬ್ಯಾಟರಿ ಮೇಲೆ ಓಡುತ್ತಿತ್ತು, ಆದರೂ ಕರೆಂಟ್ ಬರುವವರೆಗೆ ಹಿಂದಿನ ಟ್ಯೂಬನ್ನು ಮುಟ್ಟಬೇಡಿ ಎಂದರು ಮುಖ್ಯಸ್ಥೆ. ಒಂದೂವರೆ ಗಂಟೆ ಇಬ್ಬರೂ ಎದುರುಬದುರು ಕೂತಿದ್ದೆವು.

ಕರೆಂಟ್ ಬಂದ ಮೇಲೆ ಮುಚ್ಚಳ ಬಿಚ್ಚಿ ಟ್ಯೂಬ್ ಕೂರಿಸಿದೆ. ನಾಲ್ಕನೇ ನಿಮಿಷಕ್ಕೆ ಗೆರೆ ಎದ್ದಿತು. ಅಣುವಿನ ಚೂರುಗಳ ತೂಕವೆಂದು ಯಂತ್ರ ತೋರಿಸುವ ಅಂಕಿಗಳಲ್ಲಿ ನಲವತ್ತೊಂಬತ್ತು ಮತ್ತು ಎಂಬತ್ತನಾಲ್ಕು, ಡೈಕ್ಲೋರೋಮೀಥೇನಿನ ಗುರುತಿನ ಎರಡೂ ಇದ್ದವು. ಪೀಕಿನ ಗಾತ್ರವನ್ನು ಮುಂದಿನ ಟ್ಯೂಬಿನದರ ಪಕ್ಕದಲ್ಲಿಟ್ಟು ನೋಡಿದೆ. ಎರಡೂ ಹೆಚ್ಚುಕಡಿಮೆ ಒಂದೇ.

ಇದರ ಅರ್ಥ ಬಿಡಿಸಿ ಹೇಳಬೇಕು. ಮುಂದಿನ ಟ್ಯೂಬ್ ಎಲ್ಲವನ್ನೂ ಹಿಡಿದಿದ್ದರೆ ಹಿಂದಿನದರಲ್ಲಿ ಏನೂ ಇರಬಾರದು. ಎರಡರಲ್ಲೂ ಒಂದೇ ಪ್ರಮಾಣವಿದೆ ಎಂದರೆ ಎರಡೂ ತುಂಬಿ ಹರಿದಿವೆ. ಅವುಗಳ ಮೂಲಕ ಇನ್ನೆಷ್ಟು ಹೊರಗೆ ಹೋಗಿದೆಯೋ ಹೇಳುವಂತಿಲ್ಲ. ಉಳಿದ ಚೂರನ್ನು ಹನ್ನೆರಡು ಲೀಟರಿನಿಂದ ಭಾಗಿಸಿ, ಗಾಳಿಯಲ್ಲಿ ಇರುವುದೇ ಇಷ್ಟು ಎಂದು ನಾನು ಬರೆದಿದ್ದೆ. ಒಳಗೆ ಬಂದಿದ್ದೂ ಆಚೆ ಹೋಗಿಬಿಡಲ್ವಾ ಎಂದು ಟೀಚರ್ ಮೊದಲ ದಿನವೇ ಕೇಳಿದ್ದರು.

“ವರದಿ ವಾಪಸ್ ತಗೋಬೇಕು” ಎಂದರು ಮುಖ್ಯಸ್ಥೆ. “ಆದ್ರೆ ಇದರಿಂದ ತಪ್ಪಾಗಿದೆ ಅಂತ ಗೊತ್ತಾಯ್ತು ಅಷ್ಟೇ, ನಿಜ ಎಷ್ಟು ಅಂತ ಗೊತ್ತಾಗಲಿಲ್ಲ. ಮತ್ತೆ ಮಾದರಿ ತೆಗೀಬೇಕು. ಮೂರು ಪುಡಿ ಟ್ಯೂಬ್ ಎಲ್ಲಾ ತಗೊಂಡು ಹೋಗಿ. ಆ ಇನ್ನೊಂದು ಕೆಲಸದವರಿಗೆ ನಾನು ಹೇಳ್ಕೊತೀನಿ.”

ಅಲ್ಲೇ ನಿಂತು ಟೀಚರಿಗೆ ಫೋನ್ ಮಾಡಿದೆ. “ನಿಮ್ಮ ದೂರು ಸುಳ್ಳಲ್ಲ ಟೀಚರ್. ನನ್ನ ರಿಪೋರ್ಟ್ ತಪ್ಪು. ಸೋಮವಾರ ಲ್ಯಾಬಿನಿಂದಲೇ ಪತ್ರ ಬರುತ್ತೆ, ಅದನ್ನ ನಿಮ್ಮ ಉತ್ತರಕ್ಕೆ ಲಗತ್ತಿಸಿ” ಎಂದೆ. “ಹಂಗಾದ್ರೆ ಮಕ್ಕಳು ಇಷ್ಟು ದಿನ ಅದನ್ನೇ ಕುಡಿದವಾ ಸಾರ್?” ಎಂದು ಕೇಳಿದರು.

ಸೋಮವಾರ ಪತ್ರದ ಜೊತೆಗೇ ಹೋದೆ. ಎಂಟು ಟ್ಯೂಬ್, ಎರಡು ಪಂಪ್. ಈ ಸಲ ದಿನವಿಡೀ ಎಳೆಯುವುದಿಲ್ಲ, ವಾಸನೆ ಬಂದ ಕ್ಷಣ ಶುರುಮಾಡಿ ಇಪ್ಪತ್ತೇ ನಿಮಿಷ, ಒಂದೇ ಲೀಟರ್. ಅದಕ್ಕೆ ವಾಸನೆ ಯಾವ ದಿನ ಬರುತ್ತದೆಂದು ಮೊದಲೇ ಗೊತ್ತಿರಬೇಕು. ಟೀಚರ್ ಹಾಜರಿ ಪುಸ್ತಕ ತೆಗೆದು ಮುಂದಿಟ್ಟರು. ದಿನಾಂಕಗಳ ಮೇಲಿನ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನಲ್ಲಿ ‘ವಾ’ ಎಂದು ಬರೆದಿತ್ತು. ವಾಸನೆ ಬಂದ ದಿನಗಳು. ಏಳು ತಿಂಗಳಿನಿಂದ ಬರೆದಿದ್ದರು.

“ಲಾರೀಲಿ ಡ್ರಮ್ ಇಳಿದ ಮಾರನೇ ದಿನ ಜಾಸ್ತಿ ಸಾರ್. ಇವತ್ತು ಇಳೀತಾವೆ.”

ಮೊದಲ ದಿನವೂ ಆ ಪುಸ್ತಕ ಮೇಜಿನ ಮೇಲೆ ಇತ್ತು. ನಾನು ಅದರ ಮೇಲೆ ನನ್ನ ಬ್ಯಾಗ್ ಇಟ್ಟಿದ್ದೆ.

ಮಕ್ಕಳನ್ನು ಆಗಲೇ ಕಾಲೊನಿಯ ಇನ್ನೊಂದು ತುದಿಯ ಭಜನೆ ಮನೆಗೆ ಕಳಿಸಿದ್ದರು. ಯಾರ ಆದೇಶಕ್ಕೂ ಕಾಯದೆ, ನನ್ನ ಫೋನ್ ಬಂದ ಮರುದಿನವೇ ಪೋಷಕರನ್ನು ಸೇರಿಸಿ ಟೀಚರ್ ತಾವೇ ಮಾಡಿದ ಏರ್ಪಾಡು. ಅಲ್ಲಿ ಅಡುಗೆಗೆ ಬೇರೆ ಹೆಂಗಸೊಬ್ಬಳಿದ್ದಳು. ಸಹಾಯಕಿ ಕಾಣಲಿಲ್ಲ.

“ಆಯಮ್ಮ ಬಂದಿಲ್ವಾ?” ಎಂದೆ, ಮಾತಿಗೆಂದು.

“ರಜೆ ಮೇಲಿದ್ದಾಳೆ. ಸಾಂಬಾರ್ ಇಳಿಸುವಾಗ ತಲೆ ಸುತ್ತಿ ಬಂದು ಪಾತ್ರೆ ಮೇಲೇ ಬಿದ್ಲು ಸಾರ್. ಬಲಗೈ ಮೊಣಕೈವರೆಗೂ ಬೆಂದೋಯ್ತು.”

“ಯಾವಾಗ?”

ಅವರು ಹಾಜರಿ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದರು. ನನ್ನ ವರದಿ ಹೊರಟ ಐದನೇ ದಿನ. ಅದರ ಮೇಲಂಚಿನಲ್ಲೂ ‘ವಾ’ ಎಂದಿತ್ತು.

ಮಂಗಳವಾರ ವಾಸನೆ ಬರಲಿಲ್ಲ. ಬೆಳಗ್ಗೆಯಿಂದ ಜಿನುಗು ಮಳೆ, ಗಾಳಿಯೂ ಎದುರು ದಿಕ್ಕಿಗೆ ತಿರುಗಿತ್ತು. ಪಂಪ್ ಹೊಂದಿಸಿಕೊಂಡು ಅಡುಗೆಮನೆಯಲ್ಲಿ ಸಂಜೆಯವರೆಗೆ ಕೂತು ಎದ್ದು ಬಂದೆ. ಬುಧವಾರ ಶೆಡ್ಡಿನ ಬಾಗಿಲೇ ತೆರೆಯಲಿಲ್ಲ. ನಾನು ಬಂದು ಕೂತ ಸುದ್ದಿ ಅವರಿಗೆ ತಲುಪಿತೇನೋ ಎಂಬ ಹೆದರಿಕೆ ಶುರುವಾಯಿತು. ಖಾಲಿ ಅಡುಗೆಮನೆಯಲ್ಲಿ ಆ ಒಲೆಯ ಎದುರಿಗೆ ಕೂರುವುದು ಸುಲಭವಾಗಿರಲಿಲ್ಲ. ನೆಲದಲ್ಲಿ ಸಾಂಬಾರು ಚೆಲ್ಲಿದ ಅರಿಶಿನದ ಕಲೆ ತೊಳೆದರೂ ಹೋಗಿರಲಿಲ್ಲ.

ಗುರುವಾರ ಹನ್ನೊಂದೂಕಾಲಿಗೆ ಬಾಗಿಲಲ್ಲಿ ನಿಂತಿದ್ದ ಟೀಚರ್ ತಲೆ ಎತ್ತಿದರು. “ಬಂತು ಸಾರ್.”

ನನಗೆ ಇನ್ನೂ ಬಂದಿರಲಿಲ್ಲ. ಆದರೂ ಪಂಪ್ ಒತ್ತಿದೆ. ಒಂದು ಪಂಪಿನ ಹರಿವು ಏರಲೇ ಇಲ್ಲ. ಅಳೆದು ನೋಡಿದರೆ ನಿಮಿಷಕ್ಕೆ ಹದಿನೈದು ಮಿಲಿಲೀಟರೂ ಇಲ್ಲ, ಎಲ್ಲೋ ಸೋರುತ್ತಿದೆ. ಮೊದಲಾಗಿದ್ದರೆ ನಡೆಯುತ್ತದೆ ಬಿಡು, ಆಮೇಲೆ ಲೆಕ್ಕದಲ್ಲಿ ಸರಿಮಾಡಿಕೊಳ್ಳೋಣ ಎಂದು ಬಿಡುತ್ತಿದ್ದೆ. ಆ ಪಂಪ್ ಕಿತ್ತು ಪಕ್ಕಕ್ಕಿಟ್ಟು, ಅದರ ಟ್ಯೂಬಿನ ಮೇಲೆ ‘ರದ್ದು’ ಎಂದು ಚೀಟಿ ಕಟ್ಟಿದೆ. ಉಳಿದ ಒಂದೇ ಪಂಪಿನಲ್ಲಿ ಒಂದಾದ ಮೇಲೊಂದು ಎರಡು ಮಾದರಿ ತೆಗೆದೆ. ಎರಡಕ್ಕೂ ಹಿಂದೆ ಟ್ಯೂಬ್ ಜೋಡಿಸಿದ್ದೆ. ಅಷ್ಟರಲ್ಲಿ ವಾಸನೆ ನನಗೂ ಮುಟ್ಟಿ ಹಣೆಯ ನರ ಬಿಗಿಯಾಗಿತ್ತು. ಟೀಚರನ್ನು ಹೊರಗೆ ಹೋಗಿ ಎಂದೆ. “ಇಷ್ಟು ದಿನ ಇರ್ಲಿಲ್ವಾ ನಾನು? ನೀವು ಟೈಮ್ ನೋಡ್ಕೊಳ್ಳಿ” ಎಂದು ಅಲ್ಲೇ ನಿಂತರು.

ಆ ದಿನವೇ ನಾಲ್ಕು ಟ್ಯೂಬುಗಳನ್ನೂ ಓಡಿಸಿದೆವು. ಮುಂದಿನ ಟ್ಯೂಬುಗಳಲ್ಲಿ ನಾಲ್ಕನೇ ನಿಮಿಷದ ಪೀಕ್ ಪರದೆಯ ಮೇಲಂಚು ದಾಟಿತು. ಹಿಂದಿನವು ಎರಡೂ ಖಾಲಿ. ಈ ಸಲ ಎಲ್ಲವೂ ಹಿಡಿದಿತ್ತು, ತಪ್ಪಿ ಹೋದದ್ದೇನೂ ಇರಲಿಲ್ಲ. ಬಂದ ಪ್ರಮಾಣ ನಾವು ಇಟ್ಟುಕೊಂಡ ಮಿತಿಗಿಂತ ಎಷ್ಟೋ ಪಟ್ಟು ಮೇಲಿತ್ತು. ವರದಿ ನಾನೇ ಬರೆದೆ. ಮೊದಲ ವರದಿ ಯಾಕೆ ತಪ್ಪಾಯಿತು, ಯಾವ ಟ್ಯೂಬನ್ನು ಯಾರು ಓಡಿಸದೆ ಬಿಟ್ಟರು ಎಂಬುದನ್ನೂ ಸೇರಿಸಿದೆ. ಇಷ್ಟು ಬೇಕಾ ಎಂದು ಮುಖ್ಯಸ್ಥೆ ಒಮ್ಮೆ ಕೇಳಿದರು, ಆಮೇಲೆ ಸಹಿ ಹಾಕಿದರು.

ಅಧಿಕಾರಿಗಳು ಬಂದು ತಮ್ಮದೇ ಮಾದರಿ ತೆಗೆದರು. ಬಣ್ಣ ಕೀಳುವ ತೊಟ್ಟಿಗೆ ಬೀಗ ಬಿತ್ತು. ಅಂಗನವಾಡಿ ಭಜನೆ ಮನೆಯಲ್ಲೇ ಮುಂದುವರಿಯಿತು. ಟೀಚರಿಗೆ ಬಂದಿದ್ದ ನೋಟಿಸ್ ಕೈಬಿಟ್ಟರು. ಕೈಬಿಟ್ಟ ಪತ್ರದಲ್ಲಿ ಕ್ಷಮೆಯ ಮಾತೇನೂ ಇರಲಿಲ್ಲವಂತೆ, ‘ಮುಕ್ತಾಯಗೊಳಿಸಲಾಗಿದೆ’ ಎಂದಷ್ಟೇ ಇತ್ತಂತೆ. ಲ್ಯಾಬಿನಲ್ಲಿ ನನ್ನ ಮೇಲೆ ವಿಚಾರಣೆ ನಡೆದು, ಆರು ತಿಂಗಳು ನನ್ನ ಸಹಿಗೆ ಬೆಲೆ ಇರಲಿಲ್ಲ. ನಾನು ಓಡಿಸಿದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕುತ್ತಿದ್ದರು. ಅದು ಸರಿಯಾದ ಶಿಕ್ಷೆ. ಅದರ ಬಗ್ಗೆ ನನಗೆ ದೂರಿಲ್ಲ.

ಆದರೆ ಕೈ ಸುಟ್ಟುಕೊಂಡ ಮೇಲೆ ಆ ಸಹಾಯಕಿಯನ್ನು ನೋಡಿರಲಿಲ್ಲ. ಅವಳ ತಲೆಸುತ್ತು ಆ ಆವಿಯಿಂದಲೇ ಬಂತು ಎಂದು ಯಾವ ವೈದ್ಯರೂ ಬರೆದುಕೊಟ್ಟಿಲ್ಲ. ಬಿಸಿಲಿಗೂ ಬಂದಿರಬಹುದು, ಬೆಳಗ್ಗೆ ಏನೂ ತಿನ್ನದೆ ಬಂದಿದ್ದಕ್ಕೂ ಇರಬಹುದು. ಈ ‘ಇರಬಹುದು’ಗಳನ್ನು ಜೋಡಿಸಿಕೊಂಡು ಎರಡು ತಿಂಗಳು ತಳ್ಳಿದೆ. ಕೊನೆಗೆ ಒಂದು ಭಾನುವಾರ ಟೀಚರ್ ಹತ್ತಿರ ವಿಳಾಸ ಕೇಳಿಕೊಂಡು ಹೋದೆ.

ಕಾಲೊನಿಯ ಮೂರನೇ ಅಡ್ಡರಸ್ತೆ. ಮುಂದಿನ ಕೋಣೆಯಲ್ಲಿ ಎರಡು ಮಗ್ಗ ಓಡುತ್ತಿದ್ದವು, ಮಗ ನೇಯುತ್ತಿದ್ದ. ಆಕೆ ಹೊರಗಿನ ಜಗುಲಿಯ ಮೇಲೆ ಕಂಡಿಕೆಗೆ ನೂಲು ಸುತ್ತುವ ಯಂತ್ರದ ಮುಂದೆ ಕೂತಿದ್ದಳು. ಎಡಗೈಯಲ್ಲಿ ಎಳೆ ಸಿಕ್ಕಿಸಲು ನೋಡುತ್ತಿದ್ದಳು, ಸಿಕ್ಕುತ್ತಿರಲಿಲ್ಲ. ಬಲಗೈ ಮಡಿಲಲ್ಲಿತ್ತು. ಚರ್ಮ ಹೊಳೆಯುತ್ತ ಬಿಗಿದುಕೊಂಡು, ಬೆರಳುಗಳು ಅರ್ಧ ಮಡಚಿ ನಿಂತಿದ್ದವು.

ಮೊದಲ ಸಲ ಅಡುಗೆಮನೆಯಲ್ಲಿ ನೋಡಿದ್ದ ನನ್ನ ಮುಖ ಆಕೆಗೆ ನೆನಪಿರಲಿಲ್ಲ. ಗಾಳಿ ಪರೀಕ್ಷೆಯ ಲ್ಯಾಬಿನವನು ಎಂದೆ. ಆಕೆಯ ಮುಖ ಅರಳಿತು.

“ಓ, ನೀವೇನಪ್ಪ ಅದು? ಟೀಚರಮ್ಮ ಹೇಳಿದ್ರು ಕಣಪ್ಪ. ಮೂರ್ ದಿನ ಕಾದು ಕೂತಿದ್ದು ಹಿಡಿದ್ರಂತಲ್ಲ! ಲೋ, ಯಾರ್ ಬಂದವ್ರೆ ನೋಡ್ಲಾ” ಎಂದು ಒಳಕ್ಕೆ ಕೂಗಿದಳು. “ಕೂತ್ಕೊಳಪ್ಪ, ಕಾಪಿ ಕುಡ್ದು ಹೋಗ್ಬೇಕು. ನಿಮ್ಮಿಂದ ಆ ಮಕ್ಳು ಉಳ್ಕೊಂಡ್ವು.”

ಸೊಸೆ ಕಾಫಿ ತಂದಿಟ್ಟಳು. ಆಕೆ ಎಡಗೈಯಲ್ಲೇ ಲೋಟ ಎತ್ತಿ ನನಗೆ ಕೊಟ್ಟಳು. ನಾನು ಕುಡಿದು, ಮಾತಾಡಿ, ಕೈ ಹೇಗಿದೆ ಎಂದು ಕೇಳಿ ಎದ್ದು ಬಂದುಬಿಡಬಹುದಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಟೀಚರ್ ನನ್ನ ಮರ್ಯಾದೆ ಉಳಿಸಿ ಹೇಳಿದ್ದರು, ಅಥವಾ ಹೇಳುವಾಗ ಅರ್ಧ ಬಿಟ್ಟಿದ್ದರು.

“ಅಮ್ಮಾ, ಮೊದಲು ಬಂದಿದ್ದವನೂ ನಾನೇ” ಎಂದೆ. “ನಿಮಗೆ ಕೈ ಸುಡೋಕೆ ಮುಂಚೆ. ಏನೂ ಇಲ್ಲ ಅಂತ ಬರೆದುಕೊಟ್ಟವನು ನಾನೇ.”

ಆಕೆಗೆ ತಕ್ಷಣ ಅರ್ಥವಾಗಲಿಲ್ಲ. ಯಂತ್ರ ನಿಲ್ಲಿಸಿದಳು. ನಾನು ಮತ್ತೆ ಹೇಳಿದೆ. ಎರಡು ಟ್ಯೂಬಿದ್ದವು, ಒಂದನ್ನು ಮಾತ್ರ ನೋಡಿದೆ, ಇನ್ನೊಂದನ್ನು ನೋಡಲಿಲ್ಲ, ಅದರಲ್ಲಿ ಇತ್ತು ಎಂದೆ. ಒಳಗೆ ಮಗ್ಗದ ಸದ್ದು ನಡೆದೇ ಇತ್ತು, ಅದಕ್ಕೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು.

“ಅದನ್ನ ನೋಡಕ್ಕೆ ಎಷ್ಟ್ ಹೊತ್ ಆಗ್ತಿತ್ತು?” ಎಂದು ಕೇಳಿದಳು.

“ಮುಕ್ಕಾಲು ಗಂಟೆ.”

ಆಕೆ ಮಡಿಲಲ್ಲಿದ್ದ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ, ಮೊಣಕಾಲ ಮೇಲೆ ಇಟ್ಟುಕೊಂಡು, ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತ ಕೂತಳು. ನನ್ನ ಕಡೆ ತಿರುಗಲಿಲ್ಲ. ಕಾಫಿ ಲೋಟವನ್ನು ಜಗುಲಿಯ ಮೇಲಿಟ್ಟೆ.

ಬಹಳ ಹೊತ್ತಾದ ಮೇಲೆ, “ಹೋಗಪ್ಪ” ಎಂದಳು. “ಬಸ್ ಸಿಕ್ಕಲ್ಲ.”

ಎದ್ದು ನಿಂತೆ. ಆಕೆ ಮತ್ತೆ ಯಂತ್ರದ ಕಡೆ ತಿರುಗಿ, ಎಡಗೈಯಲ್ಲಿ ಎಳೆ ಹಿಡಿದು ಕಂಡಿಕೆಗೆ ಸಿಕ್ಕಿಸಲು ನೋಡಿದಳು. ತಪ್ಪಿತು. ಇನ್ನೊಮ್ಮೆ ನೋಡಿದಳು. ನಾನು ಬಗ್ಗಿ ಸಿಕ್ಕಿಸಿಕೊಡಲು ಕೈ ಚಾಚಿದೆ.

“ಬೇಡ ಬುಡು” ಎಂದಳು.